ಹಿತ್ತಲಿನ ಮೂರು ಸುತ್ತು

ಕಸ್ತೂರಿ ಎರಡೂ ತೋಳುಗಳನ್ನು ಅಗಲಿಸಿದಳು. ಎದುರಿನ ಗೋಡೆ ಹಿಂದೆ ಸರಿಯಿತು. ಇನ್ನೂ ಅಗಲಿಸಿದಳು. ಗೋಡೆಯೇ ಮಾಯವಾಗಿ ಅಲ್ಲೊಂದು ಕಲ್ಲಿನ ಪಾಗಾರ ಬಂತು, ಅದರಾಚೆ ನುಗ್ಗೆಗಿಡ, ನುಗ್ಗೆಗಿಡದಾಚೆ ಮತ್ತೊಂದು ಅಂಗಳ. ಹಿಮ್ಮಡಿಯಿಂದ ನೆಲ ಒತ್ತಿದಲ್ಲಿ ತಗ್ಗಾಗಿ ನೀರು ನಿಂತಿತು. ಅಂಗೈ ಮೇಲೆತ್ತಿದಷ್ಟೂ ಮಲ್ಲಿಗೆ ಬಳ್ಳಿ ಚಪ್ಪರಕ್ಕೆ ಏರಿತು. ಹೊರಗಿನಿಂದ ನೋಡುವವರಿಗೆ ಕಾಣುವುದು ಇಷ್ಟೇ: ಹುಬ್ಬಳ್ಳಿಯ ಅಂಚಿನ ಒಂದು ಎತ್ತರದ ಕಟ್ಟಡ, ಅದರಲ್ಲೊಂದು ಒಂದೇ ಕೋಣೆಯ ಮನೆ, ಮಂಚವನ್ನು ಮಡಚಿ ಗೋಡೆಗೆ ಆನಿಸಿಟ್ಟು ಖಾಲಿ ನೆಲದ ಮೇಲೆ ಕೈಯಾಡಿಸುತ್ತಿರುವ ಒಬ್ಬ ಹೆಂಗಸು. ಅವಳ ಕಣ್ಣಿಗೆ ಕನ್ನಡಕ, ಮೈಗೆ ತೆಳುವಾದ ಒಂದು ಅಂಗಿ. ಅಂಗಿಯ ಒಳಗಿನ ಸಣ್ಣ ಸಣ್ಣ ಗುಂಡಿಗಳು ಅವಳ ಮೈ ಅಲುಗಾಡಿದ್ದನ್ನು ಯಂತ್ರಕ್ಕೆ ಹೇಳುತ್ತಿದ್ದವು, ಯಂತ್ರ ಕೊಟ್ಟ ಗಾಳಿಯನ್ನೂ ಎಲೆಯ ಸ್ಪರ್ಶವನ್ನೂ ಅವಳ ಚರ್ಮಕ್ಕೆ ತಲುಪಿಸುತ್ತಿದ್ದವು.

"ಅವ್ವಾ, ಸುತ್ತು ಹಾಕೂಣ ಬಾ," ಎಂದು ಆರು ವರ್ಷದ ಇಂಚರ ಅವಳ ಕಿರುಬೆರಳು ಹಿಡಿದಳು. ಮಗಳಿಗೂ ಪುಟ್ಟ ಕನ್ನಡಕ, ಪುಟ್ಟ ಅಂಗಿ. ಇಬ್ಬರೂ ಅಂಗಳದ ನಡುವಿನ ಅರಳಿ ಮರದ ಕಡೆ ನಡೆದರು. ಮರದ ಬುಡದಲ್ಲಿ ಕಟ್ಟೆ, ಕಟ್ಟೆಯ ಮೇಲೆ ನಾಗರಕಲ್ಲು. ಹಿಂದಿನ ವರ್ಷ ಮಗಳಿಗೆ ಜ್ವರ ಏರಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಾಗ ಕಸ್ತೂರಿ ಹರಕೆ ಹೊತ್ತಿದ್ದಳು: ಹುಡುಗಿ ಎದ್ದು ಕೂತರೆ ದಿನಾ ಅರಳಿ ಮರಕ್ಕೆ ಮೂರು ಸುತ್ತು. ಹುಡುಗಿ ಎದ್ದಳು. ಆದರೆ ಊರಿನ ಅರಳಿ ಮರಗಳೆಲ್ಲ ಎಂದೋ ರಸ್ತೆ ಅಗಲ ಮಾಡುವಾಗ ಹೋಗಿದ್ದವು.

ಪಕ್ಕದ ಮನೆಯ ಬಸಲಿಂಗವ್ವ ಒಮ್ಮೆ ಚುಡಾಯಿಸಿದ್ದಳು: "ಕಂಪ್ಯೂಟರಿನ ಮರಕ್ಕ ಸುತ್ತಿದ್ರ ಪುಣ್ಯ ಬರ್ತೈತೇನವಾ?"

"ಪಟದಾಗಿನ ದೇವರಿಗೆ ಕೈ ಮುಗಿಯಂಗಿಲ್ಲೇನ್ರಿ? ಇದೂ ಹಂಗ," ಎಂದಿದ್ದಳು ಕಸ್ತೂರಿ.

ಯಂತ್ರದ ಹೆಸರೇ 'ಹಿತ್ತಲು'. ಇದನ್ನು ಕಂಡುಹಿಡಿದವರು ಧಾರವಾಡದ ಡಾ. ಸಂಗಮನಾಥ ಯಾದವಾಡ, ಇಡೀ ಆಯುಷ್ಯ ರೇಖಾಗಣಿತ ಕಲಿಸಿದ ಮನುಷ್ಯ. ಜನ ಕೋಳಿಗೂಡಿನಂಥ ಮನೆಗಳಲ್ಲಿ ಬದುಕುತ್ತಿದ್ದ ಕಾಲ ಅದು. ಬೇಸಿಗೆಯ ಹಗಲಿನಲ್ಲಿ ಮಕ್ಕಳನ್ನು ಹೊರಗೆ ಬಿಟ್ಟರೆ ಬಿಸಿಲು ಬಡಿದು ಆಸ್ಪತ್ರೆ ಸೇರುತ್ತಿದ್ದವು. ಒಂದು ಕೋಣೆಯೊಳಗೆ ಹತ್ತು ಅಂಗಳ ತುಂಬುವುದು ಹೇಗೆ ಎಂಬುದು ಯಾದವಾಡರ ತಲೆಗೆ ಹೊಕ್ಕ ಹುಳು. ಉದ್ದ, ಅಗಲ, ಎತ್ತರ ಎಂಬ ಮೂರು ದಿಕ್ಕುಗಳು ನಮಗೆ ಗೊತ್ತು. ಈ ಮೂರಕ್ಕೂ ಅಡ್ಡವಾಗಿ ಹೋಗುವ ನಾಲ್ಕನೆಯ ದಿಕ್ಕೊಂದನ್ನು ಕಣ್ಣಿಗೆ ಕಾಣಿಸಲಾಗದಿದ್ದರೂ ಲೆಕ್ಕಕ್ಕೆ ಹಿಡಿಯಬಹುದು. ಪುಸ್ತಕದ ಹಾಳೆಗಳು ಒಂದೇ ಜಾಗದಲ್ಲಿ ಒಂದರ ಮೇಲೊಂದು ಕೂತಿರುವ ಹಾಗೆ, ಅಂಗಳಗಳನ್ನು ಆ ದಿಕ್ಕಿನಲ್ಲಿ ಒಂದರ ಪಕ್ಕ ಒಂದು ಇಟ್ಟರು. ನಡೆಯುವವರು ನಡುವಿನ ಒಂದು ಜಾಗದ ಪಕ್ಕ ಹಾದಾಗ, ಅವರಿಗೇ ತಿಳಿಯದಂತೆ, ಹಾಳೆ ಮಗುಚುತ್ತಿತ್ತು. ಕಾಲು ಅದೇ ಕೋಣೆಯ ನೆಲ ತುಳಿಯುತ್ತಿತ್ತು, ಕಣ್ಣು ಹೊಸ ಅಂಗಳ ಕಾಣುತ್ತಿತ್ತು.

ಆ ನಡುವಿನ ಜಾಗವನ್ನು ಯಾದವಾಡರು ಕೀಲು ಎನ್ನುತ್ತಿದ್ದರು. ಕೀಲಿನ ಮೇಲೆಯೇ ಯಾರಾದರೂ ಕಾಲಿಟ್ಟರೆ ನೋಟ ಹರಿದು ಚಿಂದಿಯಾಗುತ್ತದೆ, ತಲೆ ಸುತ್ತಿ ವಾಂತಿಯಾಗುತ್ತದೆ. ಆದ್ದರಿಂದ ಯಾರೂ ಹಾಯಲಾರದ ಏನನ್ನಾದರೂ ಅಲ್ಲಿ ನಿಲ್ಲಿಸಬೇಕಿತ್ತು. ಮೊದಲು ಕಬ್ಬಿಣದ ಕಂಬ ನಿಲ್ಲಿಸಿದರು. ಹಿತ್ತಲಿನಲ್ಲಿ ಲೈಟಿನ ಕಂಬ ಯಾಕೆಂದು ಜನ ಮೂಗು ಮುರಿದರು. ಆಗ ಕಂಪನಿಯ ಎಂಜಿನಿಯರ್ ಶಬಾನಾ ಅರಳಿ ಮರ ತಂದಿಟ್ಟಳು. ಬರೀ ಮರ ಬೋಳಾಗಿ ಕಂಡದ್ದರಿಂದ ಕಟ್ಟೆ ಕಟ್ಟಿಸಿದಳು, ಕಟ್ಟೆಯ ಮೇಲೆ ನಾಗರಕಲ್ಲನ್ನೂ ಇಡಿಸಿದಳು. ಆಮೇಲೆ ಹಿತ್ತಲು ಬಿಸಿ ಮಿರ್ಚಿ ಭಜಿಯಂತೆ ಖರ್ಚಾಯಿತು.

ಕಸ್ತೂರಿಯ ಮನೆಗೆ ಹಿತ್ತಲು ಬಂದದ್ದು ಮಾಘದಲ್ಲಿ. ಬೇಸಿಗೆ ರಜೆ ಬರುವ ಹೊತ್ತಿಗೆ ತಾಯಿ ಮಗಳು ಎಚ್ಚರವಿದ್ದಷ್ಟು ಹೊತ್ತೂ ಅದರಲ್ಲೇ ಇರತೊಡಗಿದರು. ಬೆಳಗ್ಗೆ ಎದ್ದು ಮೂರು ಸುತ್ತು. ಆಮೇಲೆ ಕಸ್ತೂರಿ ಮರದ ನೆರಳಿನಲ್ಲಿ ಕೂತು ಗಿರಾಕಿಗಳ ರವಿಕೆಗಳಿಗೆ ಹುಕ್ಕು ಹಚ್ಚುತ್ತಿದ್ದಳು, ಇಂಚರ ನೀರಿನ ತಗ್ಗುಗಳಲ್ಲಿ ಆಡುತ್ತಿದ್ದಳು. ಆಟೋ ಓಡಿಸುವ ಗಂಡ ಫಕೀರೇಶ ಸಂಜೆ ಬಂದು ತಾನೂ ಕನ್ನಡಕ ಹಾಕಿಕೊಂಡು ಅವರ ಜೊತೆ ಕೂರುತ್ತಿದ್ದ. ಊಟವೂ ಅಲ್ಲೇ. ಹಿತ್ತಲಿನಲ್ಲಿ ಹೆಂಡತಿಯ ಮೂಗುತಿ ಇನ್ನೊಂದು ಕಡೆಗೆ ಹೋದಂತೆ ಅವನಿಗೆ ಒಂದೆರಡು ಸಲ ಕಂಡಿತ್ತು. ಕನ್ನಡಕ ಕೆಟ್ಟಿರಬೇಕೆಂದುಕೊಂಡು ಒರೆಸಿ ಹಾಕಿಕೊಂಡಿದ್ದ.

ಮೊದಲು ಬಂದದ್ದು ರವಿಕೆಯ ದೂರು. ಬಸಲಿಂಗವ್ವನ ರವಿಕೆಯ ಹುಕ್ಕುಪಟ್ಟಿ ಎಡಬಲ ಅದಲು ಬದಲಾಗಿತ್ತು. ಮರುವಾರ ಇನ್ನಿಬ್ಬರದು. ಹದಿನೈದು ವರ್ಷ ಕತ್ತರಿ ಹಿಡಿದ ಕೈಯದು, ನಿದ್ದೆಯಲ್ಲೂ ತಪ್ಪುವಂಥದ್ದಲ್ಲ. "ನಾ ಸರೀನ ಹಚ್ಚೇನ್ರಿ, ನೀವ ತಿರುವಿ ಹಾಕ್ಕೊಂಡೀರಿ," ಎಂದು ಕಸ್ತೂರಿ ಗಿರಾಕಿಗಳ ಮೇಲೆಯೇ ಹರಿಹಾಯ್ದಳು. ಇಂಚರ ಪಾಟಿಯ ಮೇಲೆ ತನ್ನ ಹೆಸರನ್ನು ಹಿಂದುಮುಂದಾಗಿ ಬರೆದು ಬಹುಮಾನ ಸಿಕ್ಕವಳಂತೆ ತೋರಿಸಿದಳು. ಫಕೀರೇಶ ನಕ್ಕ. ಮಕ್ಕಳಾಟ ಎಂದುಕೊಂಡ. ರಾತ್ರಿ ಕನ್ನಡಕ ತೆಗೆದ ಮೇಲೆ ಮಗಳು ತನ್ನ ಪಕ್ಕದಲ್ಲಿ ಮಲಗಲು ಒಲ್ಲೆನೆನ್ನತೊಡಗಿದ್ದು ಮಾತ್ರ ಅವನಿಗೆ ನೋವು ತಂದಿತು.

ಒಂದು ರಾತ್ರಿ ಬಿರುಗಾಳಿ ಬೀಸಿ ಆ ಭಾಗಕ್ಕೆಲ್ಲ ಕರೆಂಟು ಹೋಯಿತು. ಬೆಳಗ್ಗೆ ಹಿತ್ತಲು ತೆರೆಯಲಿಲ್ಲ. ಫಕೀರೇಶ ಚಹಾ ಮಾಡಿ, ಮಗಳಿಗೆ ಎಂದಿನಂತೆ ಖಾರಿ ಬಿಸ್ಕತ್ತು ಅದ್ದಿ ಕೊಡಲು ಮುಂದೆ ಕೂತ. ಹಗಲ ಬೆಳಕು ಅವನ ಮುಖದ ಮೇಲೆ ನೇರವಾಗಿ ಬಿದ್ದಿತ್ತು. ಇಂಚರ ಅವನನ್ನು ನೋಡಿದಳು. ನೋಡುತ್ತಲೇ ಅವಳ ಬಾಯಿ ತೆರೆಯಿತು, ದನಿ ಹೊರಡಲು ತಡವಾಯಿತು. ಆಮೇಲೆ ಅವಳು ಚೀರಿದ ಚೀರಾಟಕ್ಕೆ ಮಹಡಿಯ ಬಾಗಿಲುಗಳೆಲ್ಲ ತೆರೆದವು.

"ಇಂಚೂ, ನಾನ ಪುಟ್ಟೀ, ಅಪ್ಪ," ಎಂದು ಅವನು ಕೈ ಚಾಚಿದ. ಹುಡುಗಿ ಗೋಡೆಗೆ ಆತುಕೊಂಡು ಉಚ್ಚೆ ಹೊಯ್ದುಕೊಂಡಳು.

ಅವನು ಹೆಂಡತಿಯ ಕಡೆ ತಿರುಗಿದ. ಕಸ್ತೂರಿ ಒಲೆಯ ಪಕ್ಕ ಇಕ್ಕಳ ಹಿಡಿದು ನಿಂತಿದ್ದಳು.

"ಮುಖ ಅವರದ ಐತಿ," ಎಂದಳು ಅವಳು, ಅವನಿಗಲ್ಲ, ಬಾಗಿಲಲ್ಲಿ ನಿಂತ ಬಸಲಿಂಗವ್ವನಿಗೆ. "ಆದ್ರ ಅವರಲ್ರಿ. ಯಾರೋ ಅವರ ಮುಖ ಹಾಕ್ಕೊಂಡ ಬಂದಾರ. ಹುಡುಗೀನ್ನ ಮುಟ್ಟಗೊಡಬ್ಯಾಡ್ರಿ."

ಫಕೀರೇಶ ಚಾಚಿದ ಕೈ ಹಿಂದೆಳೆದುಕೊಂಡ. ಹತ್ತು ವರ್ಷ ಒಂದೇ ತಾಟಿನಲ್ಲಿ ಉಂಡ ಹೆಂಡತಿ ಅವಳು. ನೆರೆದವರಲ್ಲಿ ಒಬ್ಬರು ಗಾಳಿ ಸೋಂಕು ಎಂದರು, ಇನ್ನೊಬ್ಬರು ತಲೆಯ ಡಾಕ್ಟರು ಎಂದರು. ಬಸಲಿಂಗವ್ವ ಮಾತ್ರ ಗಟ್ಟಿ ಹೆಂಗಸು. "ಮೊದಲ ದವಾಖಾನಿಗೆ ನಡೀರಿ, ಆಮ್ಯಾಲ ದೇವರು," ಎಂದು ತಾಯಿ ಮಗಳಿಬ್ಬರನ್ನೂ ತನ್ನ ಎರಡು ಬಗಲಿಗೆ ಅವುಚಿಕೊಂಡು ಆಟೋದ ಹಿಂದಿನ ಸೀಟಿನಲ್ಲಿ ಕೂತಳು. ಫಕೀರೇಶ ಹಿಂದೆ ತಿರುಗದೆ ಗಾಡಿ ಬಿಟ್ಟ.

ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಹಿಂದಿನಿಂದ ಸಣ್ಣ ದನಿ ಬಂತು: "ಅಪ್ಪಾ!"

ಅವನು ತಲೆಯೆತ್ತಿದ. ಎದುರಿನ ಕನ್ನಡಿಯಲ್ಲಿ ಮಗಳ ಕಣ್ಣು ಅವನ ಕಣ್ಣಿಗೆ ಸಿಕ್ಕಿತು. ಹುಡುಗಿ ಕನ್ನಡಿಯೊಳಗೆ ಅವನನ್ನು ನೋಡಿ ನಗುತ್ತಿದ್ದಳು. "ಅವ್ವಾ, ಅಪ್ಪ ಅಲ್ಲಿ ಅದಾನ ನೋಡು!" ಕಸ್ತೂರಿಯೂ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು. "ರೀ, ಎಲ್ಲಿಗೆ ಹೋಗಿದ್ರಿ?" ಎಂದಳು. ಫಕೀರೇಶ ಸಂತೋಷ ತಾಳಲಾರದೆ ಹಿಂದೆ ತಿರುಗಿದ. ಇಬ್ಬರೂ ಒಟ್ಟಿಗೆ ಚೀರಿದರು.

ದವಾಖಾನೆಯ ಡಾಕ್ಟರು ಎಲ್ಲ ಕೇಳಿ, ಹಿತ್ತಲಿನ ಮಾತು ಬಂದದ್ದೇ ಯಾದವಾಡರಿಗೆ ಫೋನು ಮಾಡಿದರು. ತಾಯಿ ಮಗಳನ್ನು ಬಸಲಿಂಗವ್ವನ ವಶಕ್ಕೆ ಬಿಟ್ಟು, ಮಧ್ಯಾಹ್ನಕ್ಕೆ ಫಕೀರೇಶ ಧಾರವಾಡದ ಪ್ರಯೋಗಾಲಯದಲ್ಲಿದ್ದ. ಯಾದವಾಡರು ಎಲ್ಲ ಶಾಂತವಾಗಿ ಕೇಳಿದರು. ಆಟೋದ ಕನ್ನಡಿಯ ಮಾತು ಬಂದಾಗ ಮಾತ್ರ ಕುರ್ಚಿಯಿಂದ ಎದ್ದು ನಿಂತರು.

"ಅವರು ಆ ಮರಕ್ಕ ಸುತ್ತು ಹಾಕ್ತಾರೇನು?"

"ಹೌದ್ರಿ ಸರ. ದಿನಾ ಮೂರು. ಹರಕಿ ಐತ್ರಿ."

ಯಾದವಾಡರು ಒಂದು ಕಾಗದ ತೆಗೆದುಕೊಂಡು ಎಡಗಾಲಿನ ಹೆಜ್ಜೆಯ ಆಕಾರಕ್ಕೆ ಕತ್ತರಿಸಿ ಮೇಜಿನ ಮೇಲಿಟ್ಟರು. "ಮೇಜು ಬಿಟ್ಟು ಎತ್ತದ ಇದನ್ನ ಹ್ಯಾಂಗರ ತಿರುಗಿಸ್ರಿ, ಬಲಗಾಲಿನ ಹೆಜ್ಜಿ ಆಗೂದಿಲ್ಲ. ಆದ್ರ ಎತ್ತಿ ಮಗುಚಿದ್ರ ಆಗ್ತೈತಿ. ಮೇಜಿಗೆ ಇಲ್ಲದ ಒಂದು ದಿಕ್ಕಿಗೆ ಹೋಗಿ ಬಂತು, ಅಷ್ಟ. ನಮ್ಮ ಹಿತ್ತಲಿನ್ಯಾಗೂ ಅಂಥಾ ಒಂದು ದಿಕ್ಕೈತಿ. ಮರಕ್ಕ ಒಂದು ಪೂರ್ತಿ ಸುತ್ತು ಹಾಕಿದ್ರ ಇಡೀ ಹಿತ್ತಲು ಹಿಂಗ ಮಗುಚಿ ಬೀಳ್ತೈತಿ. ಎಡ ಬಲ ಆಗ್ತೈತಿ, ಬಲ ಎಡ. ಎರಡು ಸುತ್ತಿಗೆ ಮತ್ತ ನೆಟ್ಟಗ. ಮೂರಕ್ಕ ಮತ್ತ ಉಲ್ಟಾ, ಮರುದಿನ ಹೊಸದಾಗಿ ತೆರಿಯೂ ತನಕ. ಗಿಡ ಮರ ಉಲ್ಟಾ ಆದ್ರ ಯಾರಿಗೂ ಗೊತ್ತಾಗೂದಿಲ್ಲ. ಕೂಡಿ ಸುತ್ತಿದ ತಾಯಿ ಮಗಳು ಒಬ್ಬರಿಗೊಬ್ಬರು ನೆಟ್ಟಗ ಕಾಣ್ತಾರ, ಸುತ್ತದ ನಿಮ್ಮನ್ನ ಮಾತ್ರ ಅವರು ದಿನಾ ಸಂಜಿ ಉಲ್ಟಾನ ನೋಡ್ಯಾರ. ಅವರ ಮೆದುಳು ಈಗ ಅದನ್ನ ಖರೆ ಅಂತ ನಂಬೈತಿ."

"ಹಂಗಾರ ಇನ್ನೊಂದು ಸುತ್ತು ಹಾಕಿಸಿದ್ರ ಸರಿ ಆಗ್ತಾರಲ್ರಿ?"

"ಹಿತ್ತಲು ಸರಿ ಆಗ್ತೈತಿ. ಅವರು ಆಗೂದಿಲ್ಲ."

ಮೂಲೆಯಲ್ಲಿದ್ದ ಶಬಾನಾ ಮೆಲ್ಲಗೆ ಎಂದಳು: "ನಮ್ಮ ಹುಡುಗ್ರು ಆ ಮರದ ಬಾಜೂಕ ವರ್ಷಗಟ್ಟಲೆ ಓಡಾಡಿ ನೋಡ್ಯಾರ್ರಿ ಸರ್. ಕಟ್ಟಿ ಮ್ಯಾಲ ಕುಂತು ಫೋಟೋ ತಕ್ಕೊಂಡಾರ. ಹೋದ ದಾರೀಲೆ ಹೊಳ್ಳಿ ಬಂದಾರ. ಸುತ್ತು ಒಬ್ಬರೂ ಹಾಕಿಲ್ಲ." ಮತ್ತೆ ಹೇಳಿದಳು, "ನಾಗಪ್ಪನ್ನ ಇಡಿಸಿದಾಕಿ ನಾನ. ಛಂದ ಕಾಣ್ತೈತಿ ಅಂತ."

ಕಂಬವಿದ್ದಿದ್ದರೆ ಯಾರೂ ಸುತ್ತುತ್ತಿರಲಿಲ್ಲ. ಬೇರೆ ದೇಶದಲ್ಲಾಗಿದ್ದರೆ ಈ ಮರವನ್ನೂ ಯಾರೂ ಸುತ್ತುತ್ತಿರಲಿಲ್ಲವೇನೋ. ನಮ್ಮವರ ಮುಂದೆ ಅರಳಿ ಮರವನ್ನೂ ನಾಗರಕಲ್ಲನ್ನೂ ಇಟ್ಟು ಸುಮ್ಮನೆ ನೋಡಿ ಎಂದರೆ ಕಾಲು ಕೇಳುತ್ತದೆಯೇ? ಅದರಲ್ಲೂ ನಾವು ಸುತ್ತುವುದು ಮೂರು, ಐದು, ಹನ್ನೊಂದು. ನೂರೆಂಟು ಹಾಕುವ ಮಹಾಭಕ್ತರು ಸರಿಸಂಖ್ಯೆಯ ಪುಣ್ಯದಿಂದ ಪಾರಾಗಿದ್ದರು. ಶಬಾನಾ ಯಂತ್ರದಲ್ಲಿ ಹುಡುಕಿದಾಗ ದಿನವೂ ಹೀಗೆ ಸುತ್ತುವ ಮನೆಗಳು ಸಾವಿರಗಟ್ಟಲೆ ಸಿಕ್ಕವು. 'ಮನೆಯವರ ಮುಖ ಬೇರೆಯಾಗಿ ಕಾಣುತ್ತಿದೆ' ಎಂದು ಹಲವರು ಕಂಪನಿಗೆ ದೂರು ಕೊಟ್ಟಿದ್ದರು. ಕನ್ನಡಕವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿರಿ ಎಂಬ ಉತ್ತರ ಎಲ್ಲರಿಗೂ ಹೋಗಿತ್ತು.

ಅಂದು ಸಂಜೆಯೇ ಕೀಲನ್ನು ಸರಿಪಡಿಸಿದರು. ಮರ ಉಳಿಯಿತು, ಸುತ್ತು ಮುಗಿಯುವಾಗ ಆ ಮಗುಚು ತಾನೇ ಬಿಚ್ಚಿಕೊಳ್ಳುವಂತಾಯಿತು. ಇನ್ನು ಎಷ್ಟು ಸುತ್ತಿದರೂ ಎಡ ಎಡವೇ. ಲೆಕ್ಕದ ಮಟ್ಟಿಗೆ ಸಮಸ್ಯೆ ಮುಗಿದಿತ್ತು. ಯಾದವಾಡರು ಮನಸ್ಸು ತಡೆಯದೆ ಮರುದಿನ ಬೆಳಗ್ಗೆ ಫಕೀರೇಶನ ಮನೆಗೆ ಬಂದರು.

ಕರೆಂಟು ಆಗಷ್ಟೇ ಬಂದಿತ್ತು. ಒಂದು ಹಗಲು ಒಂದು ರಾತ್ರಿ ಕನ್ನಡಕವಿಲ್ಲದೆ ಗೋಡೆಗೆ ಮುಖ ಮಾಡಿ ಕೂತಿದ್ದ ತಾಯಿ ಮಗಳು, ಬಾಯಾರಿದ ದನಗಳು ನೀರಿಗೆ ಬಿದ್ದಂತೆ ಹಿತ್ತಲಿಗೆ ಬಿದ್ದರು. ಯಾದವಾಡರೂ ಫಕೀರೇಶನೂ ಹೊಸ್ತಿಲಲ್ಲಿ ನಿಂತು ನೋಡಿದರು. ಅವರಿಗೆ ಕಂಡದ್ದು ಖಾಲಿ ಕೋಣೆ, ಬೆರಳು ಹಿಡಿದುಕೊಂಡು ಸುತ್ತುತ್ತಿರುವ ಇಬ್ಬರು. ಮೂರು ಸುತ್ತು ಮುಗಿಯಿತು. ಇಬ್ಬರೂ ನಿಂತರು, ಕತ್ತೆತ್ತಿ ಸುತ್ತ ನೋಡಿದರು. ಮತ್ತೆ ಮೂರು ಸುತ್ತು. ಮತ್ತೆ ನಿಂತರು. ಆಮೇಲೆ ಅವರು ನಿಲ್ಲುವುದನ್ನೇ ಬಿಟ್ಟರು. ಮೊದಲು ನಡಿಗೆ, ಆಮೇಲೆ ಓಟ. ಹುಡುಗಿಯ ಕಾಲು ತೊಡರುತ್ತಿತ್ತು. ತಾಯಿ ಅವಳನ್ನು ಎಳೆದುಕೊಂಡೇ ಸುತ್ತುತ್ತಿದ್ದಳು.

"ಅವ್ವಾ," ಎಂದು ಇಂಚರ ಏದುಸಿರು ಬಿಡುತ್ತ ಕೇಳಿದಳು, "ನಮ್ಮ ಮನಿ ಯಾಕ ಬರವಲ್ದು?"

ಆಯುಷ್ಯದಲ್ಲಿ ಯಾದವಾಡರು ಯಾವ ಲೆಕ್ಕಕ್ಕೂ ಇಷ್ಟು ಅಂಜಿರಲಿಲ್ಲ.

ಫಕೀರೇಶ ಅವರ ಕೈ ಹಿಡಿದುಕೊಂಡ. "ಸರ, ಮೊದಲಿನಂಗ ಮಾಡಿಬಿಡ್ರಿ. ನಾನೂ ದಿನಾ ಮೂರು ಸುತ್ತು ಹಾಕ್ತೇನಿ. ನನ್ನ ತಲೀನೂ ಉಲ್ಟಾ ಆಗವಲ್ದ್ಯಾಕ, ಮೂವರೂ ಒಂದ ಕಡೆ ಇರ್ತೇವಿ."

"ಉಲ್ಟಾ ತಲಿ ಇಟ್ಕೊಂಡು ಆಟೋ ಹೊಡೀತೀರೇನು?"

"ಮಾರ್ತೇನ್ರಿ."

"ಹುಡುಗಿ ಶಾಲಿಗೆ ಹೋಗ್ಬೇಕು, ರಸ್ತೆ ದಾಟಬೇಕು, ನಾಕು ಮಂದಿ ಮುಖ ನೋಡಬೇಕು. ಜಗತ್ತು ಆಕಿ ಸಲುವಾಗಿ ಮಗುಚೂದಿಲ್ಲ, ಫಕೀರೇಶ. ಸಣ್ಣ ಮೆದುಳು, ಈಗ ಬಿಡಿಸಿದ್ರ ಬಿಡಿಸ್ಕೋತೈತಿ. ತಡ ಆದ್ರ ನಾ ಹೇಳಲಾರೆ." ಅವರು ಒಳಗೆ ಓಡುತ್ತಿದ್ದವರ ಕಡೆ ನೋಡಿದರು. "ಈಗ ಬಿಡಿಸಿದ್ರೂ ಎಷ್ಟು ದಿನ ಬೇಕು ಅಂತ ನನಗ ಗೊತ್ತಿಲ್ಲ."

ಫಕೀರೇಶ ಒಳಗೆ ಹೋದ. ಸುತ್ತಿ ಬರುತ್ತಿದ್ದ ಮಗಳನ್ನು ಹಿಂದಿನಿಂದ ತಬ್ಬಿ ಹಿಡಿದು, ಅವಳ ಕನ್ನಡಕದ ಮೇಲೆ ಕೈಯಿಟ್ಟ. ಅವಳು ಒದ್ದಳು, ಅವನ ಮುಂಗೈ ಕಚ್ಚಿದಳು. ಅವನು ಅವಳ ಕಿವಿಯ ಹತ್ತಿರ ಬಾಯಿ ತಂದ.

"ಕಣ್ಣ ಮುಚ್ಚಿಕೋ ಇಂಚೂ. ಗಟ್ಟಿ ಮುಚ್ಚಿಕೋ. ನನ್ನ ನೋಡಬ್ಯಾಡ. ಬರೇ ದನಿ ಕೇಳು."

ಹುಡುಗಿಯ ಮೈ ಸಡಿಲಾಯಿತು. ಕನ್ನಡಕ ಅವನ ಕೈಗೆ ಬಂದಾಗ ಅವಳ ಕಣ್ಣುಗಳು ಬಿಗಿಯಾಗಿ ಮುಚ್ಚಿದ್ದವು. "ಅಪ್ಪಾ?" ಎಂದಳು. ದನಿಗೆ ಎಡವೂ ಇಲ್ಲ ಬಲವೂ ಇಲ್ಲ. ಅದೊಂದು ಮಗುಚದೆ ಉಳಿದಿತ್ತು.

ಆ ಬೇಸಿಗೆ ಇಂಚರ ತಂದೆಯ ಹತ್ತಿರ ಕಣ್ಣು ಮುಚ್ಚಿಕೊಂಡೇ ಬದುಕಿದಳು. ಅವನು ಆಟೋ ನಿಲ್ಲಿಸಿ ಮನೆಯಲ್ಲೇ ಉಳಿದ. ಮೊದಲಿನಿಂದ ಶುರುಮಾಡಿದ. ಅವಳ ಕೈ ಹಿಡಿದು, "ಇದು ಉಣ್ಣೂ ಕೈ," ಎಂದ. ತಾಟಿಗೆ ಮುಟ್ಟಿಸಿದ. "ಇತ್ತಲಾಗ ಬಾಗಲಾ. ಅತ್ತಲಾಗ ಒಲಿ." ಅವಳು ಮರೆತು ಕಣ್ಣು ತೆರೆದಾಗಲೆಲ್ಲ ಚೀರಾಟ. ಮತ್ತೆ ಮೊದಲಿನಿಂದ. ಕಸ್ತೂರಿಯದು ದೊಡ್ಡವರ ಮೆದುಳು, ಹಿಡಿದದ್ದನ್ನು ಬೇಗ ಬಿಡುವುದಿಲ್ಲ. ಅವಳು ಗಂಡನಿಗೆ ಬೆನ್ನು ಮಾಡಿ ಕೂತು ಅವನ ಜೊತೆ ಮಾತಾಡುತ್ತಿದ್ದಳು, ಬೆನ್ನು ಮಾಡಿಯೇ ಅಳುತ್ತಿದ್ದಳು.

ಮಳೆಗಾಲದ ಮೊದಲಲ್ಲಿ ಯಾದವಾಡರು ಮತ್ತೆ ಬಂದರು. ಹುಡುಗಿಯ ಮುಂದೆ ಕುಳಿತು, "ಬಲಗೈ ಎತ್ತವ್ವಾ ನೋಡೂಣ," ಎಂದರು. ಅವಳು ಎಡಗೈ ಎತ್ತಿದಳು. "ಅದಲ್ಲ, ಇನ್ನೊಂದು."

"ಇದಲ್ಲ ಅಂತ ನಿಮಗ ಯಾರ ಹೇಳಿದ್ರು, ಅಜ್ಜಾ?"

ಯಾದವಾಡರ ರೇಖಾಗಣಿತದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಎಡ ಯಾವುದು ಬಲ ಯಾವುದು ಎಂದು ಯಾವ ಸೂತ್ರವೂ ಹೇಳಿಕೊಡುವುದಿಲ್ಲ. ಯಾರೋ ಒಬ್ಬರು ನಮ್ಮ ಪಕ್ಕ ಕೂತು, ಕೈ ಹಿಡಿದು, ಇದು ಎಂದು ತೋರಿಸಿರಬೇಕು. ತಮಗೆ ತೋರಿಸಿದ್ದು ತಾಯಿ ಎಂದು ಅವರಿಗೆ ಹೊಳೆಯಿತು. ನಾಲ್ಕು ದಿಕ್ಕಿನ ಹಿತ್ತಲು ಕಟ್ಟುವಾಗ ಆ ಕೆಲಸವನ್ನು ತಾವು ಒಂದು ಯಂತ್ರಕ್ಕೆ ವಹಿಸಿಕೊಟ್ಟಿದ್ದೂ ತಿಳಿಯಿತು. ಅವರು ಚಹಾ ಕುಡಿಯದೆ ಎದ್ದು ಹೋದರು.

ಅಂದು ಊಟಕ್ಕೆ ಕೂತಾಗ ಇಂಚರ ಉಣ್ಣುವ ಕೈಯನ್ನೇ ತಾಟಿಗೆ ಚಾಚಿದಳು, ಯಾರೂ ಹೇಳಿಕೊಡದೆ. ಫಕೀರೇಶ ಕೈಯಲ್ಲಿದ್ದ ತುತ್ತು ಕೆಳಗಿಟ್ಟ. ಅವಳು ಮುಚ್ಚಿದ ಕಣ್ಣಿನಲ್ಲೇ ಅವನ ಕಡೆ ಮುಖ ತಿರುಗಿಸಿದಳು.

"ಅಪ್ಪಾ, ಈಗ ಕಣ್ಣ ತೆರಿಲ್ಯಾ?"

ಅವನು ಅವಳ ಮುಚ್ಚಿದ ಕಣ್ಣುಗಳ ಮೇಲೆ ತನ್ನ ಅಂಗೈಯಿಟ್ಟ.

ಇದೆಲ್ಲ ಇನ್ನೂ ನಡೆದಿಲ್ಲ. ಇಂಚರ ಹುಟ್ಟಿಲ್ಲ, ಕಸ್ತೂರಿಯೂ ಹುಟ್ಟಿಲ್ಲ. ಕಸ್ತೂರಿಯ ತಾಯಿ ಮಾತ್ರ ಈಗ ಆರು ವರ್ಷದ ಹುಡುಗಿ, ಹುಬ್ಬಳ್ಳಿಯ ಒಂದು ಮನೆಯಲ್ಲಿ ಊಟಕ್ಕೆ ಕೂತಿದ್ದಾಳೆ. ಎದುರಿಗೆ ಚೊಂಬಿಗೆ ಆನಿಸಿದ ಫೋನಿನಲ್ಲಿ ಬಣ್ಣದ ಬೊಂಬೆಗಳು ಕುಣಿಯುತ್ತಿವೆ. ಪಕ್ಕದಿಂದ ಒಂದು ಕೈ ತುತ್ತು ಮಾಡಿ ತರುತ್ತದೆ, ಅವಳು ಬಾಯಿ ತೆರೆಯುತ್ತಾಳೆ. ಮತ್ತೊಂದು ತುತ್ತು, ಮತ್ತೆ ಬಾಯಿ ತೆರೆಯುತ್ತಾಳೆ. ಉಣಿಸುತ್ತಿರುವುದು ಯಾರೆಂದು ಒಮ್ಮೆಯೂ ತಿರುಗಿ ನೋಡುವುದಿಲ್ಲ.